ಮೊಲದ ಹೊಟ್ಟಿ, ಗಜ್ಜರಿ ಕಥಿ

ಈ ವರ್ಷ ನಮ್ಮ ಓಣ್ಯಾಗ ಮೂರು ಮನಿಗೆ ಮೊಲ ಬಂದಾವ. ಹುಡುಗೂರು ಹಟ ಹಿಡೀತಾರ, ಅಪ್ಪಂದಿರು ತಂದು ಕೊಡ್ತಾರ, ಕಡೀಕ ನೋಡ್ಕೊಳ್ಳೋದು ಮಾತ್ರ ನಮ್ಮ ಪಾಲಿಗೆ. ಆ ಮೂರರಾಗ ಒಂದು ಶ್ರಾವಣಕ್ಕ ಮೊದಲ ಹೋತು. "ನಿನ್ನಿ ಸಂಜೀತನ ಚಲೋ ಇತ್ತು" ಅಂತ ಆ ಮನಿ ವೈನಿ ಕಣ್ಣೀರು ಹಾಕಿದ್ರು. ಮೊಲ ಸಾಕಿದವರ ಬಾಯಾಗ ಈ ಮಾತು ಭಾಳ ಕೇಳ್ತೀವಿ. ಬೆಕ್ಕು, ನಾಯಿ ಮ್ಯಾಲೆ ಬ್ಯಾರೆ ಪ್ರಾಣಿ ಬೇಟಿ ಮಾಡೋದು ಕಡಿಮಿ. ಮೊಲ ಮಾತ್ರ ಎಲ್ಲಾರಿಗೂ ಬೇಟಿ. ಹಿಂಗಾಗಿ ಬ್ಯಾನಿ ಮುಚ್ಚಿಡೋದು ಅದರ ಹುಟ್ಟುಗುಣ. ಅದರ ಮ್ಯಾಲೆ ನಾವು ಹಾಕೋ ತಿನಿಸೂ ಅದರದ್ದಲ್ಲ. ಅದು ಹೆಂಗ ಬದಲಾತು ಅನ್ನೋದಕ್ಕ ಒಂದು ಇತಿಹಾಸನ ಅದ.

ನಮ್ಮ ಹೊಲದಾಗ ಜಿಗದು ಓಡೋ ಮೊಲ ಬ್ಯಾರೆ, ಅಂಗಡ್ಯಾಗ ಸಿಗೋ ಬಿಳಿ ಮೊಲ ಬ್ಯಾರೆ. ಹೊಲದ ಮೊಲ ಬಿಲಾ ತೋಡಂಗಿಲ್ಲ, ಅದರ ಮರಿ ಕಣ್ಣು ಬಿಟ್ಕೊಂಡೇ ಹುಟ್ಟತಾವ. ಮನೀ ಮೊಲದ ಮರಿಗೆ ಹುಟ್ಟಿದಾಗ ಕೂದಲಾ ಇರಂಗಿಲ್ಲ, ಕಣ್ಣೂ ತೆರದಿರಂಗಿಲ್ಲ. ಇದರ ತವರುಮನಿ ಸ್ಪೇನ್, ಪೋರ್ಚುಗಲ್ ಇರೋ ಸೀಮಿ. ಬ್ಯಾಸಗ್ಯಾಗ ಒಣಗೋ ಗಿಡಗಂಟಿ ನೆಲ, ಬಿರುಸು ಹುಲ್ಲು. ಅದನ್ನ ತಿಂದು ಬದುಕೋ ಹೊಟ್ಟಿ ಇದಕ್ಕ ಬಂತು.

ಸುಮಾರು 2000 ವರ್ಷದ ಹಿಂದನ ರೋಮಿನವರು ಗೋಡಿ ಕಟ್ಟಿದ ಅಂಗಳದಾಗ ಮೊಲ ಬಿಟ್ಟು ಸಾಕತಿದ್ರು, ಊಟಕ್ಕ. ವಾರೋ ಅನ್ನೋ ಪಂಡಿತ ಒಕ್ಕಲುತನದ ಮ್ಯಾಲೆ ಬರದ ಪುಸ್ತಕದಾಗ ಸ್ಪೇನಿನ ಮೊಲದ ಮಾತು ಬರ್ತದ. ಆಮ್ಯಾಲೆ ಒಂದು ಕಥಿ ಹುಟ್ಟಿತು: ಕ್ರಿ.ಶ. 600ರ ಸುಮಾರಿಗೆ ಪೋಪ್ ಗ್ರೆಗರಿ, ಮೊಲದ ಎಳೀ ಮರಿ ಮಾಂಸದ ಲೆಕ್ಕ ಅಲ್ಲ, ಉಪವಾಸದಾಗ ತಿನ್ನಬಹುದು ಅಂದ್ರು, ಅದಕ್ಕ ಸನ್ಯಾಸಿಗಳು ಮೊಲ ಸಾಕಿದ್ರು ಅಂತ. ಎಷ್ಟೋ ಪುಸ್ತಕದಾಗ ಇದ ಅಚ್ಚಾತು. 2018ರಾಗ ಆಕ್ಸ್‌ಫರ್ಡಿನ ಸಂಶೋಧಕರು ಹುಡುಕಿ ನೋಡಿದ್ರ, ಆ ಪೋಪ್ ಹಂಗ ಹೇಳೇ ಇಲ್ಲ. ಇನ್ನೊಬ್ಬ ಗ್ರೆಗರಿ ಬರದ ಬ್ಯಾರೆ ಸುದ್ದಿ ಇವರ ಹೆಸರಿಗೆ ಅಂಟಿಕೊಂಡಿತ್ತು. ಮೊಲದ ಹಣೇಬಾರ ನೋಡ್ರಿ, ಮೊದಲಿಂದ ಸುಳ್ಳು ಕಥಿನ!

ಮುದ್ದಿಗೆ ಅಂತ ಮೊಲ ಸಾಕೋದು ಇಂಗ್ಲೆಂಡಿನ್ಯಾಗ 19ನೇ ಶತಮಾನದಾಗ ಹೆಚ್ಚಾತು. ಪೀಟರ್ ರ‍್ಯಾಬಿಟ್ ಪುಸ್ತಕ ಬರದ ಬಿಯಾಟ್ರಿಕ್ಸ್ ಪಾಟರ್ ಸಾಕಿದ್ದ ಬೆಂಜಮಿನ್ ಅನ್ನೋ ಮೊಲಕ್ಕ ಬೆಣ್ಣಿ ಸವರಿದ ಬಿಸಿ ಬ್ರೆಡ್ಡು ಅಂದ್ರ ಪ್ರಾಣ. 1902ರಾಗ ಬಂದ ಆ ಪುಸ್ತಕದಾಗ ಪೀಟರ್ ಕಾಯಿಪಲ್ಲೆ ತ್ವಾಟಕ್ಕ ನುಗ್ಗಿ ಲೆಟ್ಯೂಸ್, ಬೀನ್ಸ್, ಮೂಲಂಗಿ ಹೊಟ್ಟಿ ಬಿರಿಯೂಹಂಗ ತಿಂತಾನ. ಆಮ್ಯಾಲೆ ಹೊಟ್ಟ್ಯಾಗ ತಳಮಳ ಶುರುವಾಗಿ, ಪಾರ್ಸ್ಲಿ ತಪ್ಪಲ ಹುಡಕ್ಕೊಂಡು ಹೋಗ್ತಾನ. ಬರದಾಕಿ ಹೊಟ್ಟಿ ಕೆಟ್ಟದ್ದನ್ನೂ ಬರದಾಳ; ಓದಿದವರಿಗೆ ತ್ವಾಟದ ಕಾಯಿಪಲ್ಲೆ ಅಷ್ಟ ನೆನಪುಳೀತು.

ಗಜ್ಜರಿ ಬಂದದ್ದು ಸಿನಿಮಾದಿಂದ. 1934ರ 'ಇಟ್ ಹ್ಯಾಪನ್ಡ್ ಒನ್ ನೈಟ್' ಸಿನಿಮಾದಾಗ ಕ್ಲಾರ್ಕ್ ಗೇಬಲ್ ಬೇಲಿಗೆ ಆತು ನಿಂತು ಗಜ್ಜರಿ ಕಡಕೋತ ಪಟಪಟ ಮಾತಾಡ್ತಾನ. 1940ರಾಗ ಬಂದ ಬಗ್ಸ್ ಬನ್ನಿ ಕೈಯಾಗಿನ ಗಜ್ಜರಿ ಅಲ್ಲಿಂದ ಬಂದದ್ದು ಅಂತ ಆ ಕಾರ್ಟೂನ್ ಮಾಡಿದವರೇ ಹೇಳ್ಯಾರ. ಅದೊಂದು ಚ್ಯಾಷ್ಟಿ. ಆದ್ರ ಜಗತ್ತಿನ ಹುಡುಗೂರೆಲ್ಲಾ ಮೊಲ ಅಂದ್ರ ಗಜ್ಜರಿ ಅಂತ ನಂಬಿದ್ರು. ಗಡ್ಡ್ಯಾಗ ಸಕ್ರಿ ಹೆಚ್ಚು. ಮೊಲಕ್ಕ ಗಜ್ಜರಿ ಅಂದ್ರ ನಮಗ ಪೇಢೆ ಇದ್ದಂಗ. ಅದರ ತಪ್ಪಲ ಬೇಕಾದ್ರ ಕೊಡ್ರಿ.

ಮೊಲದ ದೊಡ್ಡ ಕರುಳಿನ ಶುರುವಿಗೆ ಒಂದು ದೊಡ್ಡ ಚೀಲ ಅದ. ಅದರಾಗ ದ್ವಾಸಿ ಹಿಟ್ಟು ಹುಳಿ ಬಂದಂಗ ಹುಲ್ಲಿನ ಸಣ್ಣ ಅಂಶ ಹುದುಗು ಬರ್ತದ. ಅದು ಮೆತ್ತನ್ನ ಗೊಂಚಲಾಗಿ ಹೊರಗ ಬಂದಾಗ ಮೊಲ ಬಾಯಿ ಹಚ್ಚಿ ತಿಂತದ. ಬೈಬ್ಯಾಡ್ರಿ, ಹೊಲಸಲ್ಲ ಅದು, ಮೊಲಕ್ಕ ಬೇಕಾದ ಪೋಷಣಿ ಅದರಾಗ ಅದ. ಮೊರೋ ಅನ್ನೋ ಫ್ರಾನ್ಸಿನ ಪಶುವೈದ್ಯರು 1882ರಾಗ ಇದನ್ನ ವಿವರಿಸಿ ಬರದ್ರು. ಉದ್ದನ್ನ ನಾರು ಈ ಕರುಳನ್ನ ಸದಾ ನಡಸ್ತದ. ನಾರು ಕಡಿಮಿ ಆಗಿ ಸಕ್ರಿ, ಹಿಟ್ಟು ಹೆಚ್ಚಾದ್ರ ಕರುಳು ನಿಲ್ಲತದ, ಗ್ಯಾಸ್ ತುಂಬತದ, ಬ್ಯಾನಿಗೆ ಮೊಲ ತಿನ್ನೋದು ಬಿಡತದ, ತಿನ್ನದಿದ್ದಕ್ಕ ಕರುಳು ಇನ್ನಷ್ಟು ನಿಲ್ಲತದ. ಹಿಂದ ಡಾಕ್ಟರು ಹೊಟ್ಟ್ಯಾಗ ಕೂದಲದ ಉಂಡಿ ಕಂಡು ಅದ ಕಾರಣ ಅಂತಿದ್ರು. ಮೈ ನೆಕ್ಕೋ ಮೊಲದ ಹೊಟ್ಟ್ಯಾಗ ಕೂದಲಾ ಯಾವಾಗಲೂ ಇರ್ತದ. ಕರುಳು ನಿಂತು ನೀರು ಆರಿದಾಗ ಅದು ಉಂಡಿ ಆಗ್ತದ ಅಂತ ಈಗ ತಿಳದದ.

ಇನ್ನ ಮನೀ ಕೆಲಸ. ಹತ್ತು ಪಾಲಿನ್ಯಾಗ ಎಂಟು ಪಾಲು ಒಣಹುಲ್ಲಿರಲಿ, ಹಗಲೂ ರಾತ್ರಿ ಮುಂದ ಬಿದ್ದಿರಲಿ. ಔಷಧ ಹೊಡೀದ ಕರಕಿ ಕೊಯ್ದು ನೆರಳಾಗ ಒಣಗಿಸಿದ್ರ ನಡೀತದ, ಬೂಸ್ಟು ಹಿಡದಿದ್ದು ಬ್ಯಾಡ. ಹಲ್ಲು ಜೀವನಪೂರ್ತಿ ಬೆಳೀತಿರ್ತಾವ, ಹುಲ್ಲು ಅಗದ್ರನ ಸವಿಯೋದು. ಕೊತ್ತಂಬರಿ, ಪುದೀನಾ ಒಂದು ಹಿಡಿ. ಹೊಸಾ ತಪ್ಪಲ ಇದ್ರ ದಿನಕ್ಕ ಚೂರು ಚೂರು. ಅಂಗಡಿ ಗುಳಿಗಿ ತಿನಿಸು ಒಂದೆರಡು ಚಮಚ ಸಾಕು. ಕುದರಿಮಸಾಲಿ ಮೇವು ಬೆಳಿಯೋ ಮರಿಗೆ ಚಲೋ, ದೊಡ್ಡವಕ್ಕ ಬ್ಯಾಡ. ಚಪಾತಿ, ಬಿಸ್ಕೀಟು, ಅನ್ನ, ಕಡ್ಲಿ, ಉಳ್ಳಾಗಡ್ಡಿ ಬ್ಯಾಡs ಬ್ಯಾಡ. ನೀರು ಬಟ್ಟಲದಾಗ ತುಂಬಿರಲಿ.

ದಿನಾ ಕಸಾ ಹೊಡಿಯುವಾಗ ಹಿಕ್ಕಿ ನೋಡ್ರಿ. ದುಂಡಗ, ಒಂದೇ ಅಳತಿ ಇದ್ರ ಛಲೋ. ಸಣ್ಣಾದ್ರ, ಕಡಿಮಿ ಆದ್ರ, ಕೂದಲದಾಗ ಪೋಣಿಸಿದಂಗ ಬಂದ್ರ ಎಚ್ಚರ ಆಗ್ರಿ. ಮೆತ್ತನ್ನ ಗೊಂಚಲು ಹಿಂದ ಅಂಟಿಕೊಂಡಿದ್ರ ಗುಳಿಗಿ, ಸಿಹಿ ಹೆಚ್ಚಾಗ್ಯಾವ ಅಂತ ಲೆಕ್ಕ. ಮುದುಡಿ ಕೂತು ಹಲ್ಲು ಕಟಕಟ ಕಡದ್ರ, ಹೊಟ್ಟಿ ಬಿಗದ್ರ, ಕಿವಿ ತಣ್ಣಗಾದ್ರ, ಮರಿಗೆ ನೀರಿನಂಗ ಭೇದಿ ಆದ್ರ ಆಗಿಂದಾಗ ಡಾಕ್ಟರ ಕಡೆ ಒಯ್ರಿ. ಹತ್ತು ಹನ್ನೆರಡು ತಾಸು ತಿನ್ನಲಿಲ್ಲ, ಹಿಕ್ಕಿ ಹಾಕಲಿಲ್ಲ ಅಂದ್ರ "ನಾಳೆ ನೋಡೋಣು" ಅನಬ್ಯಾಡ್ರಿ. ಮಕ್ಕಳ ಅಮಾಕ್ಸಿಸಿಲಿನ್ ಔಷಧ ಬಾಯಾಗ ಹಾಕಬ್ಯಾಡ್ರಿ. ಕರುಳಿನ ಒಳ್ಳೇ ಜೀವಾಣು ಸತ್ತು ಮೊಲನೂ ಸಾಯ್ತದ.

ಲಂಘನಂ ಪರಮೌಷಧಂ ಅಂತ ನಮ್ಮ ಹಿರ್ಯಾರು ಅಂದದ್ದು ಮನಷ್ಯಾರಿಗೆ. ವಾಂತಿ ಮಾಡ್ಲಿಕ್ಕೂ ಬರದ ಈ ಜೀವಕ್ಕ ಏಕಾದಶಿ ಇಲ್ಲ ನೋಡ್ರಿ.