ಎನ್‌ಮ್ಯಾಪ್

ನೆಟ್‌ವರ್ಕ್‌ನಲ್ಲಿರುವ ಕಂಪ್ಯೂಟರ್‌ಗಳನ್ನೂ ಅವುಗಳಲ್ಲಿ ತೆರೆದಿರುವ ಪೋರ್ಟ್‌ಗಳನ್ನೂ ಪತ್ತೆಹಚ್ಚುವ ಮುಕ್ತ ಆಕರ ತಂತ್ರಾಂಶ. ಗಾರ್ಡನ್ ಲಯನ್ 1997ರ ಸೆಪ್ಟೆಂಬರ್‌ನಲ್ಲಿ ಫ್ಯೋದರ್ ಎಂಬ ಹೆಸರಿನಿಂದ ಫ್ರಾಕ್ ಪತ್ರಿಕೆಯ 51ನೆಯ ಸಂಚಿಕೆಯಲ್ಲಿ ಇದನ್ನು ಪ್ರಕಟಿಸಿದರು. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ.

ಇದರ ಹೆಸರಾಂತ ವಿಧಾನ ಸಿನ್ ಸ್ಕ್ಯಾನ್. ಟಿಸಿಪಿ ಸಂಪರ್ಕ ಮೂರು ಹಂತಗಳಲ್ಲಿ ಏರ್ಪಡುತ್ತದೆ. ಎನ್‌ಮ್ಯಾಪ್ ಮೊದಲ ಸಿನ್ ಪ್ಯಾಕೆಟ್ ಕಳಿಸಿ ಉತ್ತರಕ್ಕೆ ಕಾಯುತ್ತದೆ. ಸಿನ್-ಆಕ್ ಬಂದರೆ ಪೋರ್ಟ್ ತೆರೆದಿದೆ. ಆರ್‌ಎಸ್‌ಟಿ ಬಂದರೆ ಮುಚ್ಚಿದೆ. ಮತ್ತೆ ಕಳಿಸಿದರೂ ಏನೂ ಬಾರದಿದ್ದರೆ ನಡುವೆ ಫೈರ್‌ವಾಲ್ ತಡೆದಿರಬಹುದು. ಮೂರನೆಯ ಹಂತ ನಡೆಯುವುದೇ ಇಲ್ಲ. ಹಾಗಾಗಿ ಕೆಲಸ ಬೇಗ ಮುಗಿಯುತ್ತದೆ. ಇಂಥ ಪ್ಯಾಕೆಟ್‌ಗಳನ್ನು ಎನ್‌ಮ್ಯಾಪ್ ತಾನೇ ಕಟ್ಟಬೇಕಾದ್ದರಿಂದ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ರೂಟ್ ಅಧಿಕಾರ ಬೇಕು.

ಬೇರೆ ಸೂಚನೆ ಕೊಡದಿದ್ದರೆ ಇದು ಹೆಚ್ಚು ಬಳಕೆಯ 1,000 ಪೋರ್ಟ್‌ಗಳನ್ನಷ್ಟೇ ನೋಡುತ್ತದೆ. ಹೊಸಬರು ಎಡವುವುದು ಇಲ್ಲಿಯೇ: ಯಾರೋ ಎಂದೋ ಶುರುಮಾಡಿ ಮರೆತ ಸೇವೆ ಉಳಿದ ಸಾವಿರಾರು ಪೋರ್ಟ್‌ಗಳ ನಡುವೆ ಅಡಗಿರಬಹುದು. 1ರಿಂದ 65,535ರವರೆಗೆ ಪೂರ್ತಿ ಶೋಧಿಸುವುದೇ ಸರಿ. ಸೇವೆಗಳ ಆವೃತ್ತಿ ಗುರುತಿಸುವ ಸೌಲಭ್ಯವೂ ಲುವಾ ಭಾಷೆಯ ಸ್ಕ್ರಿಪ್ಟ್‌ಗಳೂ ಇದರಲ್ಲಿವೆ. ಜೊತೆಗೆ ಬರುವ ಎನ್‌ಡಿಫ್ ಎರಡು ಶೋಧಗಳ ವ್ಯತ್ಯಾಸ ತೋರಿಸುತ್ತದೆ. ನಿರ್ವಾಹಕರಿಗೆ ದಿನನಿತ್ಯ ನೆರವಾಗುವ ಸಲಕರಣೆ ಇದು.

ಪರರ ನೆಟ್‌ವರ್ಕ್ ಶೋಧಿಸುವ ಮುನ್ನ ಅದರ ಒಡೆಯರಿಂದ ಲಿಖಿತ ಅನುಮತಿ ಪಡೆಯಬೇಕು.