ಶೆಟ್ಟಿಹಳ್ಳಿ ಸರಣಿ, ಭಾಗ 3: ವಾಪಸ್ ಬಂದವರಿಗೆ ಕ್ಷಮೆ ಇತ್ತಾ?

ಹೇಮಾವತಿ ಹಿನ್ನೀರಲ್ಲಿ ಅರ್ಧ ಮುಳುಗಿರೋ ಶೆಟ್ಟಿಹಳ್ಳಿ ಚರ್ಚ್ ಫೋಟೋ ನಿಮ್ಮ ಫೀಡಲ್ಲೂ ಬಂದಿರುತ್ತೆ. ಇದನ್ನ ಅಬ್ಬೆ ದುಬೋಯ್ ಕಟ್ಟಿಸಿದ್ರು ಅಂತ ಕೆಲವು ರೀಲ್ಸ್ ಹೇಳುತ್ವೆ. ಅದು ಸರಿಯಲ್ಲ. ಕಟ್ಟಡ ಫ್ರೆಂಚ್ ಪಾದ್ರಿಗಳದ್ದೇ, ಆದ್ರೆ 1860ರ ಸುಮಾರಿನದು. ದುಬೋಯ್ 1823ರಲ್ಲೇ ಫ್ರಾನ್ಸಿಗೆ ವಾಪಸ್ ಹೋಗಿದ್ರು, 1848ರಲ್ಲಿ ತೀರಿಕೊಂಡ್ರು.

ಆದ್ರೂ ಹಾಸನ ಸೀಮೆಯ ಕ್ರೈಸ್ತರ ಕಥೆಯನ್ನ ಅವರ ಹೆಸರು ಬಿಟ್ಟು ಹೇಳಕ್ಕಾಗಲ್ಲ. ಜನ ಅವರನ್ನ 'ದೊಡ್ಡಸ್ವಾಮಿಯವರು' ಅಂತಿದ್ರು. ಹಾಸನದ ಹತ್ತಿರ ಸಾತಳ್ಳಿಯಲ್ಲಿ ಕ್ರೈಸ್ತರನ್ನ ಬೇಸಾಯಕ್ಕೆ ನೆಲೆ ನಿಲ್ಲಿಸಿದ್ರು. 1803-04ರ ಹೊತ್ತಿಗೆ 25,432 ಜನಕ್ಕೆ ಸಿಡುಬಿನ ಲಸಿಕೆ ಹಾಕಿಸಿದ್ರು. ಇವತ್ತಿನ ವಿಷಯ ಅದಕ್ಕೂ ಸ್ವಲ್ಪ ಹಿಂದಿನದು.

1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನ ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಯುದ್ಧದಲ್ಲಿ ಇಂಗ್ಲಿಷರಿಗೆ ಸಹಾಯ ಮಾಡಿದ್ರು ಅನ್ನೋದು ಅವರ ಮೇಲಿದ್ದ ಆರೋಪ. ಎಷ್ಟು ಜನ ಅನ್ನೋದಕ್ಕೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ದುಬೋಯ್ 60,000 ಅಂತಾರೆ. ಬಹಳ ಜನರನ್ನ ಬಲವಂತವಾಗಿ ಮತಾಂತರ ಮಾಡಲಾಯ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿದ ಸಮುದಾಯವನ್ನ ಮತ್ತೆ ಕೂಡಿಸೋಕೆ ಕರೆಸಿದ್ದು ಇದೇ ದುಬೋಯ್‌ರನ್ನ.

ಮತ ಬದಲಾದವರು ಒಬ್ಬೊಬ್ಬರಾಗಿ ವಾಪಸ್ ಬರೋಕೆ ಶುರು ಮಾಡಿದ್ರು. ಹೊರಗೆ ಒಪ್ಪಿಕೊಂಡ್ವಿ, ಒಳಗೆ ನಂಬಿಕೆ ಬಿಟ್ಟಿರಲಿಲ್ಲ ಅನ್ನೋದು ಅವರ ಮಾತು. ತನ್ನ ಹತ್ತಿರ ಬಂದವರೇ ಸುಮಾರು 2,000 ಅಂತ ದುಬೋಯ್ ಬರೆದಿದ್ದಾರೆ.

ಈಗ ಪ್ರಶ್ನೆ. ದೇವರನ್ನೇ 'ಗೊತ್ತಿಲ್ಲ' ಅಂದವರಿಗೆ ಕ್ಷಮೆ ಇದೆಯಾ?

ಈ ಪ್ರಶ್ನೆ ಆಗಲೇ 1,500 ವರ್ಷ ಹಳೇದು. ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ಡೀಸಿಯಸ್, ಎಲ್ಲರೂ ರೋಮನ್ ದೇವರುಗಳಿಗೆ ಬಲಿ ಅರ್ಪಿಸಿ ಪ್ರಮಾಣಪತ್ರ ತಗೋಬೇಕು ಅಂತ ಆಜ್ಞೆ ಮಾಡಿದ. ಜೀವಭಯಕ್ಕೆ ಸಾವಿರಾರು ಕ್ರೈಸ್ತರು ಹಾಗೇ ಮಾಡಿದ್ರು. ಹಿಂಸೆ ತಣ್ಣಗಾದ ಮೇಲೆ ಸಭೆಯ ಬಾಗಿಲಿಗೆ ಬಂದ್ರು. ರೋಮಿನ ನೊವೇಶಿಯನ್ ಅನ್ನೋ ಪಾದ್ರಿ 'ಇವರನ್ನ ಸಭೆ ಸೇರಿಸ್ಕೊಳ್ಳೋ ಹಾಗಿಲ್ಲ' ಅಂದ. ಕಾರ್ತೇಜಿನ ಬಿಷಪ್ ಸಿಪ್ರಿಯನ್ ಮತ್ತು ಜೊತೆಯ ಬಿಷಪ್‌ಗಳು 251ರಲ್ಲಿ ಬೇರೆ ದಾರಿ ಹಿಡಿದ್ರು: ನಿಜವಾಗಿ ಪಶ್ಚಾತ್ತಾಪ ಪಟ್ಟವರಿಗೆ ಪ್ರಾಯಶ್ಚಿತ್ತ ಇದೆ, ಆಮೇಲೆ ಜಾಗವೂ ಇದೆ. ಯೇಸುವನ್ನ ಮೂರು ಸಲ 'ಗೊತ್ತಿಲ್ಲ' ಅಂದ ಪೇತ್ರನೇ ಶಿಷ್ಯರಲ್ಲಿ ಮೊದಲಿಗ ಅನ್ನೋದನ್ನ ಮರೆಯೋ ಹಾಗಿರಲಿಲ್ಲ.

ಕೊನೆಗೆ ಉಳಿದಿದ್ದು ಸಿಪ್ರಿಯನ್ ದಾರಿ. ಅದರ ಜೊತೆ ಇನ್ನೊಂದು ನಿಯಮವೂ ಗಟ್ಟಿಯಾಯ್ತು: ಬಿದ್ದು ಎದ್ದು ಬಂದವರಿಗೆ ಎರಡನೇ ಸಲ ದೀಕ್ಷಾಸ್ನಾನ ಕೊಡೋ ಹಾಗಿಲ್ಲ. ಪಾಪ ನಿವೇದನೆ, ಪ್ರಾಯಶ್ಚಿತ್ತ, ಅಷ್ಟೇ. ಅಂದ್ರೆ ಬಲವಂತಕ್ಕೆ ಸಿಕ್ಕಿದ ಮನುಷ್ಯ ಹೊಸಬನಾಗಿ ಸೇರ್ತಿಲ್ಲ, ತನ್ನ ಮನೆಗೇ ವಾಪಸ್ ಬರ್ತಿದ್ದಾನೆ.

ನಾನು ಬಿಕಾಂ ಓದ್ತಿರೋದ್ರಿಂದ ಒಂದು ಮಾತು. ಯೇಸು ಆಡ್ತಿದ್ದ ಅರಾಮಿಕ್ ಭಾಷೆಯಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಪದ. ಸಾಲ ರೈಟ್ ಆಫ್ ಮಾಡಿದ್ರೆ ಅದು ಮಾಯ ಆಗಲ್ಲ, ಕೊಟ್ಟವನ ಪುಸ್ತಕದಲ್ಲಿ ನಷ್ಟ ಅಂತ ಕೂರುತ್ತೆ. ಕ್ರೈಸ್ತರು ಶಿಲುಬೆ ಬಗ್ಗೆ ಹೇಳೋದೂ ಅದನ್ನೇ: ನಷ್ಟ ಹೊತ್ತವನು ದೇವರು.

ದುಬೋಯ್ ವಿಷಯದಲ್ಲಿ ನನಗೆ ಮುಖ್ಯ ಅನ್ಸಿದ್ದು ಇದು. ಅವರು ಮೆತ್ತನೆ ಮನುಷ್ಯ ಅಲ್ಲ. 1823ರಲ್ಲಿ ಲಂಡನ್ನಲ್ಲಿ ಅಚ್ಚಾದ ಪತ್ರಗಳಲ್ಲಿ, ಅಷ್ಟು ಸಾವಿರ ಜನರಲ್ಲಿ ಧೈರ್ಯವಾಗಿ ನಂಬಿಕೆ ಒಪ್ಪಿಕೊಂಡವರು ಒಬ್ಬರೂ ಇರಲಿಲ್ಲ, ನಾಚಿಕೆಗೇಡು ಅಂತ ಸಿಟ್ಟಲ್ಲೇ ಬರೀತಾರೆ. ಎಷ್ಟೋ ವರ್ಷ ಆದ್ರೂ ಆ ಸಿಟ್ಟು ಹೋಗಿರಲಿಲ್ಲ. ಆದ್ರೂ ಬಂದವರನ್ನ ಸಭೆಗೆ ಸೇರಿಸಿಕೊಂಡ್ರು. ಯಾಕಂದ್ರೆ ಪಾದ್ರಿ ಪಾಪಕ್ಷಮೆ ಹೇಳೋದು ಪಿತ, ಸುತ, ಪವಿತ್ರಾತ್ಮರ ಹೆಸರಲ್ಲಿ, ತನ್ನ ಹೆಸರಲ್ಲಲ್ಲ. ಮನಸ್ಸು ಒಪ್ಪಲಿ ಬಿಡಲಿ, ತಡೆಹಿಡಿಯೋಕೆ ಆ ಕ್ಷಮೆ ಅವರ ಸ್ವಂತದ್ದಾಗಿರಲಿಲ್ಲ.

ಕತ್ತಿ ಎದುರು ನಿಲ್ಲದೇ ಇರೋ ನಾವು, ನಿಂತವರನ್ನ ಅಳೆಯೋದು ಸುಲಭ. ಕಮೆಂಟಲ್ಲಿ ಟಿಪ್ಪು ಜಗಳ ಬೇಡ, ಪ್ಲೀಸ್. ಹೆದರಿ ಒಪ್ಪಿಕೊಂಡವರನ್ನ ನೀವಾಗಿದ್ರೆ ಒಳಗೆ ಬಿಡ್ತಿದ್ರಾ? ಅದನ್ನ ಹೇಳಿ.

ಭಾಗ 4ರಲ್ಲಿ: ಗೊರೂರು ಅಣೆಕಟ್ಟು ಮತ್ತು ಊರು ಬಿಟ್ಟವರು.

#ಶೆಟ್ಟಿಹಳ್ಳಿ #ಹಾಸನ #ನಮ್ಮೂರಚರಿತ್ರೆ