ರಸ್ತೆ ಬದಿಯ ಶವ: ಗಾಯ, ರಕ್ತದ ಕಲೆ ಹೇಳುವುದೇನು?

ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮಾರ್ಗವಾಗಿ ಸಾಗುವ ರಾಷ್ಟ್ರೀಯ ಹೆದ್ದಾರಿ 648 ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಪ್ರಮುಖ ರಸ್ತೆಗಳಲ್ಲೊಂದು. ಇಂತಹ ರಸ್ತೆಯ ಬದಿಯಲ್ಲಿ ಶವ ಪತ್ತೆಯಾದರೆ ಪೊಲೀಸರ ಮುಂದಿರುವ ಮೊದಲ ಪ್ರಶ್ನೆ: ಇದು ಅಪಘಾತವೇ, ಬೇರೆಡೆ ಕೊಂದು ತಂದೆಸೆದದ್ದೇ? ಉತ್ತರದ ಬಹುಪಾಲು ಶವದ ಮೇಲೂ ನೆಲದ ಮೇಲೂ ಇರುತ್ತದೆ.

ಮಹಜರು

2024ರ ಜುಲೈ 1ರಿಂದ ಅಸಹಜ ಸಾವಿನ ವಿಚಾರಣೆಯು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಡಿ ನಡೆಯುತ್ತದೆ. ಅದಕ್ಕೆ ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮು ಜಾರಿಯಲ್ಲಿತ್ತು. ಸ್ಥಳೀಯ ಗೌರವಾನ್ವಿತ ನಿವಾಸಿಗಳಲ್ಲಿ ಕನಿಷ್ಠ ಇಬ್ಬರ ಸಮ್ಮುಖದಲ್ಲಿ ಗಾಯಗಳನ್ನು ದಾಖಲಿಸಬೇಕು.

ಗಾಯ

ಜೀವವಿದ್ದಾಗ ಆದ ಗಾಯದ ಸುತ್ತಲಿನ ಅಂಗಾಂಶದೊಳಗೆ ರಕ್ತ ಇಂಗಿ ಹೆಪ್ಪುಗಟ್ಟಿರುತ್ತದೆ. ಸತ್ತ ನಂತರದ ಗಾಯದಲ್ಲಿ ಈ ಲಕ್ಷಣ ಸಾಮಾನ್ಯವಾಗಿ ಕಾಣದು. ಮೊಂಡು ವಸ್ತುವಿನ ಪೆಟ್ಟಿನಿಂದ ನೆತ್ತಿ ಸೀಳಿದಾಗ ಅದು ಕತ್ತಿಯ ಏಟಿನಂತೆ ತೋರಬಹುದು. ಆದರೆ ಸೀಳಿನೊಳಗೆ ತುಂಡಾಗದೆ ಉಳಿದ ಎಳೆಗಳು ನಿಜವನ್ನು ಹೇಳುತ್ತವೆ. ಅಂಗೈ, ಮುಂಗೈಗಳ ಮೇಲಿನ ಕೊಯ್ತಗಳು ತಡೆಯಲೆತ್ನಿಸಿದ ಸುಳಿವಾಗಬಲ್ಲವು.

ಹೃದಯ ನಿಂತ ಮೇಲೆ ರಕ್ತವು ದೇಹದ ಕೆಳಭಾಗಕ್ಕಿಳಿದು ಚರ್ಮ ನೇರಳೆಯಾಗುತ್ತದೆ. ಸಾಮಾನ್ಯವಾಗಿ 6ರಿಂದ 12 ಗಂಟೆಗಳಲ್ಲಿ ಈ ಬಣ್ಣ ಸ್ಥಿರವಾಗುತ್ತದೆ. ಶವ ಅಂಗಾತ ಬಿದ್ದಿದ್ದು, ಬಣ್ಣ ಎದೆಯ ಮೇಲಿದ್ದರೆ ಅದನ್ನು ಯಾರೋ ಹೊರಳಿಸಿದ್ದಾರೆ ಅಥವಾ ಸಾಗಿಸಿದ್ದಾರೆ ಎಂದರ್ಥ.

ರಕ್ತದ ಕಲೆ

ನೇರವಾಗಿ ಬಿದ್ದ ಹನಿ ನುಣುಪು ನೆಲದಲ್ಲಿ ದುಂಡಗೆ, ಓರೆಯಾಗಿ ಬಿದ್ದದ್ದು ಉದ್ದಗೆ ಕಾಣುತ್ತದೆ. ಕಲೆಯ ಅಗಲ ಮತ್ತು ಉದ್ದದ ಅನುಪಾತದಿಂದ ಹನಿ ಬಿದ್ದ ಕೋನವನ್ನು ಲೆಕ್ಕಹಾಕಬಹುದು. ಎಳೆದೊಯ್ದ ಶವ ಉಜ್ಜಿದ ಗುರುತು ಬಿಡುತ್ತದೆ. ರಕ್ತ ಅಂಟಿದ ಬಟ್ಟೆಯನ್ನು ನೆರಳಲ್ಲಿ ಒಣಗಿಸಿ ಕಾಗದದಲ್ಲೇ ಕಟ್ಟಬೇಕು. ಹಸಿಯಾಗಿ ಪ್ಲಾಸ್ಟಿಕ್‌ನಲ್ಲಿಟ್ಟರೆ ಕೊಳೆತು ಡಿಎನ್‌ಎ ಹಾಳಾಗುತ್ತದೆ. ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯ ಬೆಂಗಳೂರಿನ ಮಡಿವಾಳದಲ್ಲಿದೆ.

ಮಿತಿಗಳು

ಸ್ಥಳದಲ್ಲಿ ರಕ್ತ ಕಡಿಮೆ ಎಂಬುದೊಂದೇ ಕೊಲೆಗೆ ಪುರಾವೆಯಲ್ಲ. ರಕ್ತಸ್ರಾವ ದೇಹದೊಳಗೇ ಆಗಿರಬಹುದು, ಮಳೆ ತೊಳೆದಿರಬಹುದು, ಮಣ್ಣು ಹೀರಿರಬಹುದು. ಕಲೆಗಳ ವಿಶ್ಲೇಷಣೆಯಲ್ಲಿ ಅನಿಶ್ಚಿತತೆ ಅಪಾರವೆಂದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿ 2009ರಲ್ಲೇ ಎಚ್ಚರಿಸಿತ್ತು. ತಪ್ಪು ಓದು ನಿರಪರಾಧಿಯನ್ನು ಜೈಲಿಗಟ್ಟಬಹುದು, ಕೊಲೆಯನ್ನು ಅಪಘಾತವೆಂದು ಮುಚ್ಚಿಹಾಕಬಹುದು.

ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ತೆರಳಬೇಕೆಂದು ಹೊಸ ಸಂಹಿತೆಯ 176(3)ನೇ ಕಲಮು ಹೇಳುತ್ತದೆ. ಇದರ ಜಾರಿಗೆ ರಾಜ್ಯಗಳಿಗೆ ಐದು ವರ್ಷಗಳ ಕಾಲಾವಕಾಶವಿದೆ. ತಜ್ಞರು ಬರುವ ಮುನ್ನ ಜನ ತುಳಿದಾಡಿದರೆ ಕಲೆಗಳು ಅಳಿಯುತ್ತವೆ. ಬದುಕಿರುವವರಿಗೆ ಕೂಡಲೇ ನೆರವಾಗುವುದು, ಶವವಾದರೆ ಮುಟ್ಟದೆ ದೂರ ನಿಂತು 112ಕ್ಕೆ ಕರೆ ಮಾಡುವುದು ಸಾರ್ವಜನಿಕರ ಕರ್ತವ್ಯ.